ಅಕ್ಕೋರ ನೀರಡಿಕೆ

ಹೋದ ವಾರ ಕೂಲರ್‌ಗೆ ಹೊಸ ಹುಲ್ಲು ಹಾಕಿಸಿದೆ. ಹಳೆಯದು ಕಪ್ಪಾಗಿ ಕೊಳೆತು ಹೋಗಿತ್ತು. ರಿಪೇರಿಯವನು ಮೂರೂ ಕಡೆ ಹೊಸ ಹುಲ್ಲು ತುಂಬಿ, ತೊಟ್ಟಿಗೆ ನೀರು ಬಿಟ್ಟು, ಬಟನ್ ಒತ್ತಿ ಹೋದ. ಮೊದಲ ಗಾಳಿ ಬಂತು ನೋಡಿ, ಆ ಹಸಿ ಹುಲ್ಲಿನ ವಾಸನೆ… ಹೈದರಾಬಾದಿನಲ್ಲಿ ಬೇಸಿಗೆ ಬಂತು ಎಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿಲ್ಲ, ಆ ವಾಸನೆ ಸಾಕು. ಬೇರೆಯವರಿಗೆ ಅದು ತಂಪಿನ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಡಿದ ಕೂಡಲೇ ಬಾಯಿ ಒಣಗುತ್ತದೆ. ಎದುರುಮನೆಯ ಅಕ್ಕೋರು ನೆನಪಾಗುತ್ತಾರೆ.

ಅಕ್ಕೋರು ಅಂದರೆ ಟೀಚರ್. ನಮ್ಮ ಕಲಬುರಗಿ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಹಾಗೇ ಕರೆಯುವುದು. ಅವರ ಹೆಸರು ನನಗೆ ಗೊತ್ತಿತ್ತು, ಆದರೆ ಬಾಯಲ್ಲಿ ಬಂದದ್ದು ಯಾವಾಗಲೂ ಅಕ್ಕೋರು ಎಂದೇ. ಈಗಲೂ ಹಾಗೇ ಇರಲಿ.

ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸಂಶಯದ ಪ್ರಾಣಿ. ಹುಟ್ಟುಗುಣ ಅರ್ಧ, ನೌಕರಿ ಕಲಿಸಿದ್ದು ಅರ್ಧ. ಇಪ್ಪತ್ತಾರು ವರ್ಷ ರೇಷನ್ ಕಾರ್ಡಿನ ಅರ್ಜಿಗಳನ್ನು ಪರಿಶೀಲಿಸಿದವಳು ನಾನು. ಅರ್ಜಿಯಲ್ಲಿ ಏಳು ಜನ ಎಂದು ಬರೆದಿದ್ದರೆ ಮನೆಗೆ ಹೋಗಿ ಏಳು ಜನ ಇದ್ದಾರೋ ಇಲ್ಲವೋ ನೋಡಿಬರಬೇಕು. ಜನರನ್ನು ಕೇಳಿದರೆ ಸುಳ್ಳು ಹೇಳುತ್ತಾರೆ. ಹಾಗಾಗಿ ನಾನು ಕೇಳುತ್ತಲೇ ಇರಲಿಲ್ಲ. ಬಾಗಿಲಲ್ಲಿ ಎಷ್ಟು ಜೋಡಿ ಚಪ್ಪಲಿ, ಬಚ್ಚಲಲ್ಲಿ ಹಲ್ಲುಜ್ಜುವ ಬ್ರಷ್ ಎಷ್ಟು, ಹಗ್ಗದ ಮೇಲೆ ಯಾರ್‍ಯಾರ ಬಟ್ಟೆ ಅಂತ ಕಣ್ಣಲ್ಲೇ ಎಣಿಸಿ ಬರುತ್ತಿದ್ದೆ. ಒಂದು ಸಲವೂ ಲೆಕ್ಕ ತಪ್ಪಲಿಲ್ಲ ಎಂಬ ಜಂಬವೂ ಇತ್ತು. ಮೊಣಕಾಲು ನೋವಿಗೆ ಬೇಗ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತೆ, ಕಣ್ಣು ಮಾತ್ರ ನಿವೃತ್ತಿಯಾಗಲಿಲ್ಲ.

ಆಗ ನಮ್ಮ ಬಡಾವಣೆ ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ಧೂಳಿಗೆ ಕಿಟಕಿ ತೆಗೆಯುವ ಹಾಗಿರಲಿಲ್ಲ. ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಎದುರುಬದುರು ಎರಡು ಮನೆ, ನಡುವೆ ಎರಡು ಹೆಜ್ಜೆ. ಎದುರುಮನೆ ಬಹಳ ದಿನ ಬೀಗ ಹಾಕಿಕೊಂಡೇ ಇತ್ತು. ಒಂದು ದಿನ ಬೀದರ್ ಕಡೆಯ ಅಕ್ಕ, ತಮ್ಮ ಇಬ್ಬರೇ ಬಂದಿಳಿದರು. ಅಕ್ಕನಿಗೆ ನಲವತ್ತೈದರ ಆಸುಪಾಸು, ತಮ್ಮನಿಗೆ ಮೂವತ್ತು ದಾಟಿತ್ತು. ಇಬ್ಬರಿಗೂ ಮದುವೆ ಆಗಿರಲಿಲ್ಲ. ಅಕ್ಕ ಅಲ್ಲೇ ಹತ್ತಿರದ ಸಣ್ಣ ಶಾಲೆಗೆ ಕಲಿಸಲು ಹೋಗುತ್ತಿದ್ದರು. ಕ್ರೈಸ್ತರು, ಬಾಗಿಲ ಮೇಲೆ ಗೇಣುದ್ದದ ಮರದ ಶಿಲುಬೆ ಇತ್ತು. ಕನ್ನಡದವರು ಎಂದು ಗೊತ್ತಾದಾಗ ನನಗೆ ಹೊಟ್ಟೆ ತುಂಬಾ ಊಟ ಮಾಡಿದಷ್ಟು ಖುಷಿಯಾಯಿತು. ಆ ಬಿಲ್ಡಿಂಗಿನಲ್ಲಿ ಮೆಟ್ಟಿಲಿಳಿದರೆ ತೆಲುಗು, ಗೇಟು ದಾಟಿದರೆ ಹಿಂದಿ. ಕನ್ನಡವೆಂದರೆ ನಾನು, ನಮ್ಮನೆಯವರು, ಅಷ್ಟೇ. ಅದೂ ನಮ್ಮನೆಯವರು ಫ್ಯಾಕ್ಟರಿಯಿಂದ ಬಂದ ಮೇಲೆ.

ಮನೆಗೆ ಕರೆದೆ. ಬಂದರು. ನಮ್ಮ ಕಡೆ ಬಂದವರಿಗೆ ಮೊದಲು ಬೆಲ್ಲ, ನೀರು. ಚಹಾದ ಮಾತು ಆಮೇಲೆ. ಬಿಸಿಲಲ್ಲಿ ಬಂದ ವೈರಿಗೂ ನೀರು ಇಲ್ಲ ಅನ್ನಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ತಟ್ಟೆಯಲ್ಲಿ ಎರಡು ಚೂರು ಬೆಲ್ಲ, ಎರಡು ಚೆಂಬು ನೀರು ತಂದಿಟ್ಟೆ. ತಮ್ಮ ಒಂದು ಚೆಂಬು ಎತ್ತಿದ. ಅಕ್ಕೋರು ಒಂದು ಮಾತೂ ಆಡದೆ ಅವನ ಕೈಯಿಂದ ಅದನ್ನು ತೆಗೆದು ತಟ್ಟೆಯಲ್ಲಿ ವಾಪಸ್ ಇಟ್ಟರು. ತಾವೂ ನೀರು ಮುಟ್ಟಲಿಲ್ಲ.

"ಈಗ ಬ್ಯಾಡ್ರಿ ಅಮ್ಮಾರ. ಮನ್ಯಾಗ ಕುಡದ ಬಂದೀವಿ."

ಕುಡಿದು ಬಂದವನು ಆ ಚೆಂಬನ್ನು ಹಾಗೆ ನೋಡುತ್ತಾನೆಯೇ? ಕೂತಷ್ಟು ಹೊತ್ತೂ ಅವನ ಕಣ್ಣು ನೀರಿನ ಮೇಲೇ ಇತ್ತು. ಅವರು ಎದ್ದು ಹೋದ ಮೇಲೆ ನಾನು ಉರಿದುಬಿದ್ದೆ. "ನಮ್ಮನಿ ನೀರು ಅವರಿಗೆ ನಡಿಯಂಗಿಲ್ಲ ನೋಡ್ರಿ! ದೇವರ ಮುಂದ ಇಟ್ಟ ಪ್ರಸಾದದ ಬೆಲ್ಲ ಅಂತ ತಿಳಕೊಂಡಾರ!" ನಮ್ಮನೆಯವರು ಪೇಪರಿನಿಂದ ತಲೆ ಎತ್ತಲಿಲ್ಲ. "ನೀರಡಿಕಿ ಇರಲಿಕ್ಕಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರ. ನೀ ಮೊದಲ ಸುಮ್ನ ಕೂಡು," ಎಂದರು. ಸುಮ್ಮನೆ ಕೂಡುವ ಜಾಯಮಾನ ನನ್ನದಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಎರಡೂ ಅಡುಗೆಮನೆಗಳ ಕಿಟಕಿ ಒಂದೇ ಗಾಳಿಗುಂಡಿಗೆ ತೆರೆಯುತ್ತಿದ್ದವು. ಆ ಕಡೆ ಸೌಟು ಬಿದ್ದರೆ ಈ ಕಡೆ ಕೇಳುತ್ತಿತ್ತು. ಒಂದು ಸಂಜೆ ಬೇಳೆ ತೊಳೆಯುತ್ತಿದ್ದೆ. ತಮ್ಮನ ದನಿ ಕೇಳಿತು. "ಅಕ್ಕಾ, ಒಂದ ಗುಟಕ. ಒಂದ ಗುಟಕ ಸಾಕು ಅಕ್ಕಾ."

"ಇಲ್ಲಪ್ಪಾ. ಇವತ್ತಿಂದು ಮುಗೀತು."

ನಾನು ನಲ್ಲಿ ನಿಲ್ಲಿಸಿ ಕಿವಿ ಕೊಟ್ಟೆ. ಅವನು ಬೇಡುತ್ತಲೇ ಇದ್ದ, ಎಳೆಯ ಮಕ್ಕಳು ಬೇಡಿದ ಹಾಗೆ. ಅಕ್ಕೋರು ಅದೇ ಸಮ ದನಿಯಲ್ಲಿ ಇಲ್ಲ ಅನ್ನುತ್ತಲೇ ಇದ್ದರು. ಆ ದನಿಯಲ್ಲಿ ಸಿಟ್ಟಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ಸಿಟ್ಟೇ ಇರಲಿಲ್ಲ, ಅದಕ್ಕೇ ಮೈ ಜುಮ್ಮೆಂದಿತು. ಮರುದಿನ ಬಗ್ಗಿ ನೋಡಿದೆ. ಅವರ ಕಿಟಕಿಯ ಕಟ್ಟೆಯ ಮೇಲೆ ಎರಡು ಸಣ್ಣ ಬಾಟಲಿ. ಎರಡರ ಮೇಲೂ ಒಂದೇ ಎತ್ತರಕ್ಕೆ ಉಗುರುಬಣ್ಣದಿಂದ ಎಳೆದ ಕೆಂಪು ಗೆರೆ, ಗೆರೆಯವರೆಗೆ ಮಾತ್ರ ನೀರು. ಒಂದು ಬೆಳಗಿನ ಪಾಲು, ಒಂದು ಸಂಜೆಯ ಪಾಲು ಎಂದು ಲೆಕ್ಕ ಹಾಕಿದೆ. ಗಂಡಸಿಗೆ ಇಡೀ ದಿನಕ್ಕೆ ಇಷ್ಟೇ ನೀರೇ? ಗುಬ್ಬಿಗೆ ಇಡುವಷ್ಟು!

ಒಂದು ಅನುಮಾನ ಹುಟ್ಟಿದರೆ ಅದು ಒಂಟಿಯಾಗಿ ಇರುವುದಿಲ್ಲ, ಬಳಗ ಕರೆದುಕೊಂಡು ಬರುತ್ತದೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಆರಕ್ಕೇ ಇಬ್ಬರೂ ಆಟೋ ಹತ್ತುತ್ತಿದ್ದರು. ಅಕ್ಕೋರು ಅವನನ್ನು ಎಲ್ಲೋ ಬಿಟ್ಟು ಶಾಲೆಗೆ ಹೋಗುತ್ತಿದ್ದರು, ಹನ್ನೊಂದರ ಸುಮಾರಿಗೆ ಅವನೊಬ್ಬನೇ ಮರಳುತ್ತಿದ್ದ, ಹಿಂಡಿದ ಬಟ್ಟೆಯ ಹಾಗೆ ಆಗಿ. ಎಡಗೈಯಲ್ಲಿ ಒಂದು ನರ ಹಗ್ಗದಂತೆ ಉಬ್ಬಿತ್ತು, ಅದರ ಮೇಲೆ ಹತ್ತಿ ಇಟ್ಟು ಪಟ್ಟಿ ಹಚ್ಚಿರುತ್ತಿತ್ತು. ಎಲ್ಲಿಗೆ ಕಳಿಸುತ್ತಾಳೆ ಇವನನ್ನು? ಸೂಜಿಯ ಚಟವೇ? ರಕ್ತ ಗಿಕ್ತ ಮಾರಿಸುತ್ತಾಳೆಯೇ? ಅಥವಾ ರೋಗ ಬಿಡಿಸುವ ಪ್ರಾರ್ಥನೆ ಅಂತ ಉಪವಾಸ ಕೆಡವಿ ಏನೋ ಮಾಡಿಸುತ್ತಾಳೆಯೇ? ಅದು ಈಸ್ಟರ್ ಮುಂಚಿನ ನಲವತ್ತು ದಿನಗಳ ಕಾಲ. ತಾನು ಉಪವಾಸ ಹಿಡಿದಿದ್ದೇನೆಂದು ಅಕ್ಕೋರೇ ಒಮ್ಮೆ ಮೆಟ್ಟಿಲ ಮೇಲೆ ಹೇಳಿದ್ದರು. ಮೇಲಿಂದ ವಾಚ್‌ಮನ್ ಇನ್ನೊಂದು ಸುದ್ದಿ ಹೇಳಿದ. ಆ ಫ್ಲಾಟು ಅವರ ತಂದೆ ಕೊಂಡದ್ದಂತೆ, ಇರುವುದು ತಮ್ಮನ ಹೆಸರಿನಲ್ಲಂತೆ.

ಸಾಕಲ್ಲ! ನನ್ನ ಅರ್ಜಿ ಪರಿಶೀಲನೆ ಮುಗಿಯಿತು. ಮದುವೆಯಿಲ್ಲದ ಅಕ್ಕ, ಬಡಕಲು ತಮ್ಮ, ತಮ್ಮನ ಹೆಸರಿನ ಮನೆ. ದೇವರ ಹೆಸರಿನಲ್ಲಿ ಒಣಗಿಸಿ ಒಣಗಿಸಿ ಸಾಯಿಸಿದರೆ ಯಾರೂ ಕೊಲೆ ಅನ್ನುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಮೆಲ್ಲಗೆ, ಯಾರಿಗೂ ಹೇಳಬೇಡಿ ಎಂದು ಸೇರಿಸಿ. ಹದಿನೈದು ದಿನದಲ್ಲಿ ಅಕ್ಕೋರು ನಮಸ್ಕಾರ ಎಂದರೆ ಜನ ಮೊಬೈಲ್ ನೋಡತೊಡಗಿದರು. ಅವರು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ನೋಡಿ, ಒಳಗೆ ಹುಳುಕಿದೆ, ಅದಕ್ಕೇ ಕೇಳುವುದಿಲ್ಲ ಎಂದುಕೊಂಡೆ.

ಮಾರ್ಚ್ ಕಳೆಯುತ್ತಿದ್ದಂತೆ ಬಿಸಿಲು ಕೆಂಡವಾಯಿತು. ಶಾಲೆಗಳು ಒಂದೇ ಹೊತ್ತು ನಡೆಯತೊಡಗಿದವು, ಅಕ್ಕೋರು ಒಂದು ಗಂಟೆಗೆ ಬರುತ್ತಿದ್ದರು. ನಮ್ಮ ಹಾಲಿನಲ್ಲಿ ಕೂಲರ್ ಓಡುತ್ತಿತ್ತು, ಗಾಳಿಯಾಡಲೆಂದು ಬಾಗಿಲು ತೆರೆದಿಡುತ್ತಿದ್ದೆ. ಒಂದು ದಿನ ನೋಡಿದರೆ ತಮ್ಮ ಹೊಸ್ತಿಲಾಚೆ ಗೋಡೆಗೊರಗಿ ನಿಂತಿದ್ದಾನೆ, ಕಣ್ಣು ಮುಚ್ಚಿ, ಆ ಹಸಿ ಹುಲ್ಲಿನ ವಾಸನೆಯನ್ನು ಮೂಗಿನ ತುಂಬ ಎಳೆದುಕೊಳ್ಳುತ್ತ. ತುಟಿ ಬಿರಿದು ಚಕ್ಕೆ ಎದ್ದಿದ್ದವು.

"ಒಳಗ ಬಾರಪ್ಪಾ," ಎಂದೆ. ಬಂದ. ಕೂಲರಿನ ಮುಂದೆ ನೆಲದ ಮೇಲೆ ಕೂತ. ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ ಹೇಳಿದ: "ಆಂಟಿ, ಒಂದೀಟ ನೀರ್ ಕೊಡ್ತೀರಿ? ಅಕ್ಕಗ ಹೇಳಬ್ಯಾಡ್ರಿ."

ಚೆಂಬು ಕೊಟ್ಟೆ. ಅವನು ಕುಡಿದ ರೀತಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಗಟಗಟ ಕುಡಿಯಲಿಲ್ಲ. ಮೊದಲ ಗುಟುಕನ್ನು ಬಾಯಲ್ಲಿ ಬಹಳ ಹೊತ್ತು ಹಿಡಿದುಕೊಂಡ. ನುಂಗಿದ ಮೇಲೆ ಕಣ್ಣಲ್ಲಿ ನೀರು ಬಂತು. ಆಮೇಲೆ ಉಳಿದದ್ದನ್ನೆಲ್ಲ ಒಂದೇ ಸಲಕ್ಕೆ ಇಳಿಸಿಬಿಟ್ಟ.

ಅವತ್ತಿನಿಂದ ದಿನವೂ ಬರತೊಡಗಿದ. ಅಕ್ಕೋರು ಬರುವ ಮುಂಚೆ ಹೋಗಿಬಿಡುತ್ತಿದ್ದ. ನೀರು ಕೊಟ್ಟೆ, ಉಪ್ಪು ಇಂಗು ಹಾಕಿದ ಮಜ್ಜಿಗೆ ಕೊಟ್ಟೆ, ಕಲ್ಲಂಗಡಿ ಹೆಚ್ಚಿ ಕೊಟ್ಟೆ. ಒಂದೆರಡು ಸಲ ಅವನೇ "ಸಾಕ್ರಿ ಆಂಟಿ, ಸಾಕು" ಎಂದು ಕೈ ಅಡ್ಡ ಹಿಡಿದ. ನಾನು ಬಿಟ್ಟರೆ ತಾನೆ. ಹತ್ತು ಹನ್ನೆರಡು ದಿನದಲ್ಲಿ ಅವನ ಮುಖ ತುಂಬಿಕೊಂಡಿತು, ಕೆನ್ನೆ ಗುಂಡಗಾಯಿತು, ಕಾಲು ಕೂಡ ಮೈ ತುಂಬಿಕೊಂಡವು. ನಮ್ಮನೆಯವರಿಗೆ ಹೆಮ್ಮೆಯಿಂದ ಹೇಳಿದೆ. "ಎರಡ ವಾರ ನನ್ನ ಕೈಯಾಗಿಂದು ಕುಡದಾನ, ಹೆಂಗ ದುಂಡಗಾಗ್ಯಾನ ನೋಡ್ರಿ. ಸ್ವಂತ ಅಕ್ಕ ಇದ್ದು ಏನು ಉಪಯೋಗ?"

ಶುಭ ಶುಕ್ರವಾರ, ಅಂದರೆ ಗುಡ್ ಫ್ರೈಡೇ ಬಂತು. ರಜೆ. ನಮ್ಮನೆಯವರು ಔಷಧಿ ತರಲು ಕೋಠಿಗೆ ಹೋಗಿದ್ದರು. ಹನ್ನೊಂದೂವರೆಗೆ ಅಕ್ಕೋರು ಬಿಳಿ ಸೀರೆಯುಟ್ಟು ಚರ್ಚಿಗೆ ಹೊರಟದ್ದನ್ನು ಬಾಗಿಲ ಕಿಂಡಿಯಿಂದ ನೋಡಿದೆ. ಹನ್ನೆರಡರಿಂದ ಮೂರರವರೆಗೆ ಅವರ ಆರಾಧನೆ. ತಮ್ಮನಿಗೆ ಹೋಗುವ ತ್ರಾಣ ಇರಲಿಲ್ಲ. ಒಳ್ಳೇ ಸಮಯ ಸಿಕ್ಕಿತು ಎಂದುಕೊಂಡು ಕೆಳಗಿನ ಗಾಡಿಯಿಂದ ಎರಡು ಎಳನೀರು ತರಿಸಿ ಅವನನ್ನು ಕರೆದೆ.

ಎಳನೀರು ನೋಡಿ ಅವನು ಹಿಂದೆ ಸರಿದ. "ಇದ ನನಗ ಆಗಿಬರಂಗಿಲ್ರಿ ಆಂಟಿ."

"ಯಾರಂದ್ರು? ನಿಮ್ಮಕ್ಕ ಅಂದ್ಲೇನು?"

ಅವನು ಎಳನೀರನ್ನೇ ನೋಡುತ್ತ ತುಟಿ ಸವರಿಕೊಂಡ. ಕಾರಣ ಹೇಳಿದ್ದರೆ… ನಾನೇ ಮುಂದುವರಿಸಿದೆ. "ಎಳನೀರಿಗಿಂತ ತಂಪು ಯಾವುದದ? ಹಸುಗೂಸಿಗೂ ಕೊಡ್ತಾರ. ಕುಡಿ, ನಿಮ್ಮಕ್ಕ ಮೂರರ ತನಕ ಬರಂಗಿಲ್ಲ." ಅವನು ನಕ್ಕ. ಸೋತವರ ನಗೆ. ಎರಡನ್ನೂ ಕುಡಿದ. ಮೇಲೆ ಒಂದು ಲೋಟ ಮಜ್ಜಿಗೆ.

ಅರ್ಧ ಮುಕ್ಕಾಲು ಗಂಟೆ ಕಳೆದಿರಬೇಕು. "ಎದಿ ಹಿಡದಂಗಾಗೈತ್ರಿ," ಎಂದ. ಎದ್ದು ನಿಲ್ಲಲು ಹೋದ, ಕಾಲು ನಿಲ್ಲಲಿಲ್ಲ. ಉಸಿರು ಎಳೆದುಕೊಂಡರೆ ಒಳಗೆ ಹೋಗುತ್ತಿಲ್ಲ, ನೀರಿನಲ್ಲಿ ಮುಳುಗಿದವರ ಹಾಗೆ ಗೊರಗೊರ ಸದ್ದು. ನಾನು ಬೀಸಣಿಗೆಯಿಂದ ಗಾಳಿ ಬೀಸಿದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ, ಮುಖಕ್ಕೆ ಇನ್ನಷ್ಟು ನೀರು ಚಿಮುಕಿಸಿ, ಬಾಯಿಗೂ ಎರಡು ಗುಟುಕು ಹಾಕಿದೆ.

ಆಗ ಬಾಗಿಲಲ್ಲಿ ಬಿಳಿ ಸೀರೆ ಕಂಡಿತು. ಇನ್ನೂ ಎರಡೂ ಆಗಿರಲಿಲ್ಲ. ಅಕ್ಕೋರು ಆರಾಧನೆ ಮುಗಿಯುವ ಮೊದಲೇ ಎದ್ದು ಬಂದಿದ್ದರು. ಅವರ ಕಣ್ಣು ಮೊದಲು ತಮ್ಮನ ಮೇಲೆ ಹೋಯಿತು. ಆಮೇಲೆ ಎಳನೀರಿನ ಬುರುಡೆಗಳ ಮೇಲೆ, ಮಜ್ಜಿಗೆ ಲೋಟದ ಮೇಲೆ, ಕೊನೆಗೆ ನನ್ನ ಮೇಲೆ.

"ಎಷ್ಟ ದಿವಸದಿಂದ್ರೀ ಅಮ್ಮಾರ?" ಇಷ್ಟೇ ಕೇಳಿದ್ದು.

ನಾನು ಆಗಲೂ ಜಗಳಕ್ಕೇ ನಿಂತೆ. "ಹನ್ನೆರಡ ದಿವಸ ಆತು. ನೀವು ಕೊಡಂಗಿಲ್ಲಲ್ಲ, ನಾ ಕೊಟ್ಟೆ. ಮನುಷ್ಯಾಗ ನೀರೂ ಕೊಡದ ಕೊಲ್ಲತೀರೇನು?"

"ಅವಂದು ಎರಡೂ ಕಿಡ್ನಿ ಹೋಗ್ಯಾವ್ರಿ," ಎಂದರು ಅಕ್ಕೋರು, ಅವನ ತೋಳಿನ ಕೆಳಗೆ ಕೈ ಹಾಕಿ ಎತ್ತುತ್ತ. "ಕುಡದ ನೀರ್ ಹೊರಗ ಹೋಗಂಗಿಲ್ಲ. ಎದಿಯಾಗ ತುಂಬತೈತಿ. ಒಂದೀಟ ಕೈ ಹಚ್ರಿ."

ಕೈ ಹಚ್ಚಿದೆ. ಆಟೋದವನು ನಮ್ಮನ್ನು ನೋಡಿ ಬೇರೆ ಸವಾರಿ ಇಳಿಸಿ "ಜಲ್ದೀ ಬೈಠೋ ಅಮ್ಮಾ" ಎಂದ. ದಾರಿಯುದ್ದಕ್ಕೂ ಅಕ್ಕೋರು ತಮ್ಮನನ್ನು ಎದೆಗೆ ಆನಿಸಿಕೊಂಡು ಕೂರಿಸಿದ್ದರು, ಮಲಗಿದರೆ ಉಸಿರು ನಿಲ್ಲುತ್ತದೆಂದು. ವಾರಕ್ಕೆ ಮೂರು ದಿನ ಅವನು ಹೋಗುತ್ತಿದ್ದುದು ಆ ಆಸ್ಪತ್ರೆಗೇ. ಕೈಯ ಉಬ್ಬಿದ ನರದಿಂದ ರಕ್ತವನ್ನು ಯಂತ್ರಕ್ಕೆ ತೆಗೆದು ತೊಳೆದು ಮತ್ತೆ ಒಳಗೆ ಬಿಡುತ್ತಿದ್ದರು. ಬಾಗಿಲಲ್ಲೇ ಅಲ್ಲಿಯ ನರ್ಸ್ ಅವನನ್ನು ಗುರುತು ಹಿಡಿದಳು. ಹತ್ತು ಹನ್ನೆರಡು ದಿನದಿಂದ ಯಾಕೆ ಇಷ್ಟು ನೀರು ತುಂಬುತ್ತಿದೆ ಎಂದು ಅವರೂ ತಲೆ ಕೆಡಿಸಿಕೊಂಡಿದ್ದರಂತೆ. ಅವನು ಬಾಯಿ ಬಿಟ್ಟಿರಲಿಲ್ಲ. ನನ್ನ ಹೆಸರು ಹೇಳಿದರೆ ನೀರು ನಿಂತುಹೋಗುತ್ತದಲ್ಲ.

ಅವನನ್ನು ಒಳಗೆ ಒಯ್ದರು. ಡಾಕ್ಟರು ಹೊರಗೆ ಬಂದು ತೆಲುಗಿನಲ್ಲಿ ಗುಡುಗಿದರು. ಎಳನೀರಿನ ಪೊಟ್ಯಾಸಿಯಂ ಇವನಿಗೆ ವಿಷ ಎಂದು ಸಾವಿರ ಸಲ ಹೇಳಿದ್ದೇನೆ, ಹೃದಯ ನಿಲ್ಲುವುದರಲ್ಲಿದೆ, ಯಾರು ಕೊಟ್ಟಿದ್ದು?

ಅಕ್ಕೋರು ಮುಂದೆ ಹೆಜ್ಜೆ ಇಟ್ಟರು. "ನೇನೇ ಇಚ್ಚಾನು ಸಾರ್," ಎಂದರು. ನಾನೇ ಕೊಟ್ಟೆ ಅಂತ. "ಅವನು ಬೇಡೋದನ್ನ ನೋಡೋದಕ್ಕೆ ಆಗಲಿಲ್ಲ, ಕೊಟ್ಟುಬಿಟ್ಟೆ" ಅಂತ.

ಕಣ್ಣು ಮಿಟುಕಿಸಲಿಲ್ಲ. ದನಿ ನಡುಗಲಿಲ್ಲ. ಇಪ್ಪತ್ತಾರು ವರ್ಷ ಸುಳ್ಳುಗಳನ್ನು ಹಿಡಿದ ನಾನು ಅಷ್ಟು ನಯವಾದ ಸುಳ್ಳನ್ನು ಕೇಳಿರಲಿಲ್ಲ. ಡಾಕ್ಟರು ಅಷ್ಟು ಜನರ ಮುಂದೆ ನೀವು ಅಕ್ಕನೋ ಯಮನೋ ಎಂದು ಬೈದರು. ಅಕ್ಕೋರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ. ಕೊಟ್ಟವಳು ನಾನು ಎನ್ನಲು ನನಗೆ ಬಾಯಿ ಬರಲಿಲ್ಲ. ಅದನ್ನು ಎಷ್ಟು ವರ್ಷವಾದರೂ ನಾನು ನನಗೆ ಕ್ಷಮಿಸಿಕೊಂಡಿಲ್ಲ.

ಬೆಂಚಿನ ಮೇಲೆ ಕೂತೆವು. ಹೊರಗೆ ಬಿಸಿಲು ಕುದಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, ಯಾಕ ಹಂಗ ಹೇಳಿದ್ರಿ ಅಂತ.

"ನಿಮ್ಮ ಹೆಸರ ಹೇಳಿ ಏನ್ ಮಾಡೂದೈತ್ರಿ? ನೀವು ನೀರಡಿಸಿದಾಂವಗ ನೀರ್ ಕೊಟ್ಟೀರಿ. ಅದನ್ನ ತಪ್ಪಂತ ನಾ ಹೆಂಗ ಅನ್ಲಿ?"

ರೋಗವನ್ನು ಯಾರಿಗೂ ಹೇಳಬಾರದೆಂದು ತಮ್ಮ ಆಣೆ ಹಾಕಿಸಿಕೊಂಡಿದ್ದನಂತೆ. ರೋಗದಿಂದಾಗಿ ಗೊತ್ತಾಗಿದ್ದ ಮದುವೆ ತಪ್ಪಿ ಹೋದ ಮೇಲೆ ಜನ ಅಯ್ಯೋ ಪಾಪ ಅನ್ನುವುದು ಅವನಿಗೆ ಸಹಿಸಲಾಗುತ್ತಿರಲಿಲ್ಲ. ಅಕ್ಕೋರು ಆ ಆಣೆ ಕಾದರು. ಲಿಫ್ಟಿನ ಮಾತೆಲ್ಲ ಅವರ ಕಿವಿಗೆ ಬಿದ್ದಿತ್ತು. ಯಾರು ಶುರು ಮಾಡಿದ್ದೆಂದೂ ಗೊತ್ತಿತ್ತು. ಒಂದೇ ಒಂದು ಮಾತು ಹೇಳಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು.

ಕೆಳಗಿಳಿದು ನೀರಿನ ದೊಡ್ಡ ಬಾಟಲಿ ಕೊಂಡು ತಂದು ಕೈಗೆ ಕೊಟ್ಟೆ. ಅವರ ತುಟಿಯೂ ಬಿರಿದಿತ್ತು. ಅಷ್ಟು ದಿನ ಅದನ್ನು ಉಪವಾಸ ಎಂದುಕೊಂಡಿದ್ದೆ. ಅಕ್ಕೋರು ಬಾಟಲಿಯನ್ನು ಪಕ್ಕಕ್ಕಿಟ್ಟು ಕೈಚೀಲದಿಂದ ತಮ್ಮದೊಂದು ಸಣ್ಣ ಬಾಟಲಿ ತೆಗೆದರು. ಕೆಂಪು ಗೆರೆಯದು. ತಳದಲ್ಲಿ ಎರಡು ಬೆರಳಿನಷ್ಟು ನೀರಿತ್ತು. ಒಂದು ಗುಟುಕು ತೆಗೆದುಕೊಂಡು ಮುಚ್ಚಳ ತಿರುವಿದರು.

ಎರಡು ಬಾಟಲಿ. ಬೆಳಗಿನದು, ಸಂಜೆಯದು ಎಂದು ನಾನು ಎಣಿಸಿದ್ದೆನಲ್ಲ… ಒಂದು ಅವನದು, ಒಂದು ಅವರದು.

"ನಿಮಗ ಯಾಕ್ರೀ? ನಿಮಗೇನಾಗ್ಯದ?" ನನ್ನ ದನಿ ಏರಿತು.

"ನನ್ನ ಕಿಡ್ನಿ ಕೊಡತೀನಿ ಅಂದಿದ್ದೆ ರೀ. ತಪಾಸ್ ಮಾಡಿ ಹೊಂದಂಗಿಲ್ಲ ಅಂದ್ರು. ಭಾಳ ಅತ್ತೆ. ಆಮ್ಯಾಲ ಅನ್ನಿಸ್ತು, ಅದನ್ನಂತೂ ಕೊಡಾಕ ಆಗಲಿಲ್ಲ, ನೀರಡಿಕ್ಯಾಗಾದ್ರೂ ಪಾಲ ತಗೊಳ್ಳೂಣು ಅಂತ. ನಾ ಹೊಟ್ಟಿ ತುಂಬ ಕುಡದು ಅವಗ ಇಲ್ಲ ಅಂದ್ರ ಆ ಇಲ್ಲಾ ಅನ್ನೂದಕ್ಕ ಅರ್ಥ ಏನೈತ್ರಿ?" ಬಾಟಲಿಯನ್ನು ಕೈಚೀಲಕ್ಕೆ ಸೇರಿಸುತ್ತ ಅಂದರು: "ಇವತ್ತ ಚರ್ಚಿನ್ಯಾಗ ಸ್ವಾಮಿ ಶಿಲುಬಿ ಮ್ಯಾಲ ನೀರಡಿಸಿದ್ದು ಹೇಳಾಕತ್ತಿದ್ರು. ಕುಂಡ್ರಾಕ ಆಗಲಿಲ್ಲ ನನಗ. ಆತಗ ಹುಳಿರಸ ಆದ್ರೂ ಕೊಟ್ರು. ನಾ ನನ್ನ ತಮ್ಮಗ ಅದೂ ಕೊಡಂಗಿಲ್ಲ. ಎದ್ದ ಬಂದ್ಬಿಟ್ಟೆ."

ನಾನು ಶಿಲುಬೆಯನ್ನು ನೂರಾರು ಕಡೆ ನೋಡಿದ್ದೇನೆ. ಹೈದರಾಬಾದಿನಲ್ಲಿ ಚರ್ಚುಗಳಿಗೇನು ಬರವೇ? ಮೊಳೆ, ರಕ್ತ ಅಷ್ಟೇ ಕಣ್ಣಿಗೆ ಬಿದ್ದಿತ್ತು. ಅಲ್ಲಿ ತೂಗುತ್ತಿದ್ದವನಿಗೆ ಬಾಯಾರಿತ್ತು ಎಂದು ಅವತ್ತು ಆ ಬೆಂಚಿನ ಮೇಲೆ ಗೊತ್ತಾಯಿತು. ಬೇರೆಯವರ ಸಂಕಟ ತೆಗೆಯಲು ಆಗದಿದ್ದಾಗ ಅದರೊಳಗೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳುವ ಪ್ರೀತಿಯೊಂದು ಇದೆ ಎಂಬುದೂ. ಧರ್ಮದ ಮಾತು ನನಗೆ ಹೆಚ್ಚು ತಿಳಿಯುವುದಿಲ್ಲ. ಆದರೆ ಆ ಕೆಂಪು ಗೆರೆ ನನಗೆ ಚೆನ್ನಾಗಿ ತಿಳಿಯಿತು.

ಆ ಸಲ ಅವನು ಉಳಿದುಕೊಂಡ. ನಾಲ್ಕು ದಿನದ ಮೇಲೆ ಮನೆಗೆ ಬಂದ. ಆ ಗುಂಡು ಕೆನ್ನೆ ಇಳಿದುಹೋಗಿ ಮೊದಲಿನ ಹಾಗೇ ಮೂಳೆ ಕಾಣುತ್ತಿದ್ದವು. ನಾನು ಮೈ ಎಂದುಕೊಂಡದ್ದೆಲ್ಲ ನೀರಾಗಿತ್ತು. ಬಾಗಿಲಲ್ಲಿ ಸಿಕ್ಕಾಗ "ನಿಮ್ಮ ಮಜ್ಜಿಗಿ ಮಾತ್ರ ಮಸ್ತ್ ಇತ್ತ ನೋಡ್ರಿ ಆಂಟಿ," ಎಂದು ನಕ್ಕ. ನಾನು ಒಳಗೆ ಬಂದು ಅತ್ತೆ.

ಒಂದು ದಿನ ನಾನೂ ನೋಡಿಯೇಬಿಡೋಣ ಎಂದು ಅಷ್ಟೇ ನೀರು ಅಳೆದಿಟ್ಟುಕೊಂಡೆ. ಹನ್ನೊಂದೂವರೆಗೆ ಬಾಟಲಿ ಖಾಲಿ. ಎರಡು ಗಂಟೆಗೆ ನಾಲಿಗೆ ಅಂಗುಳಕ್ಕೆ ಅಂಟಿತು, ಮೂರಕ್ಕೆ ನಮ್ಮನೆಯವರ ಮೇಲೆ ಕಾರಣವಿಲ್ಲದೆ ರೇಗಿದೆ. ಮೂರೂವರೆಗೆ ಫಿಲ್ಟರ್ ತನಕ ಹೋಗುವ ತಾಳ್ಮೆಯೂ ಇಲ್ಲದೆ ಬಚ್ಚಲ ನಲ್ಲಿಗೆ ಬಾಯಿ ಹಚ್ಚಿದೆ, ಬೋರಿನ ಉಪ್ಪುನೀರಿಗೆ. ಅಕ್ಕೋರು ಅಷ್ಟು ನೀರಿನಲ್ಲಿ ನಲವತ್ತು ಮಕ್ಕಳಿಗೆ ಕೂಗಿ ಕೂಗಿ ಪಾಠ ಹೇಳಿ ಬರುತ್ತಿದ್ದರು.

ಎದುರುಮನೆಯ ಬಗ್ಗೆ ಹೇಳಿದ್ದೆಲ್ಲ ಸುಳ್ಳು, ತಪ್ಪು ನನ್ನದು ಎಂದು ಮನೆ ಮನೆಗೆ ಹೋಗಿ ಹೇಳಿದೆ. ಅದಕ್ಕೆ ಮೊದಲು ತಮ್ಮನ ಒಪ್ಪಿಗೆ ಕೇಳಿದ್ದೆ. ಅಕ್ಕನ ಮುಖ ನೋಡಿ ಹೂಂ ಅಂದಿದ್ದ. ಸುದ್ದಿ ಹಬ್ಬಿಸುವಾಗ ಲಿಫ್ಟು ಸಾಕಾಗಿತ್ತು, ವಾಪಸ್ ತೆಗೆದುಕೊಳ್ಳುವಾಗ ಐದು ಮಹಡಿ ಹತ್ತಿಳಿದೆ. ಕೆಲವರು ನಂಬಿದರು. ಕೆಲವರು, ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಬಿಡಿ ಎಂದು ನನಗೇ ಬುದ್ಧಿ ಹೇಳಿದರು.

ಆ ವರ್ಷದ ಚಳಿಗಾಲದಲ್ಲಿ ಅವನು ತೀರಿಕೊಂಡ. ಯಂತ್ರದ ಮೇಲಿದ್ದಾಗಲೇ ಎದೆ ನಿಂತಿತು ಎಂದರು. ಹೂಳಿ ಬಂದ ಮೂರನೆಯ ದಿನ ಅಕ್ಕೋರ ಮನೆಗೆ ಹೋದೆ. ಅವರು ಬೀದರಿಗೆ ಮರಳಲು ಸಾಮಾನು ಕಟ್ಟುತ್ತಿದ್ದರು. ನನಗೆ ಎಂಟು ತಿಂಗಳಿನಿಂದ ಒಂದೇ ಪ್ರಶ್ನೆ ಎದೆಯಲ್ಲಿ ಕೊರೆಯುತ್ತಿತ್ತು. ಅವರ ಕೈ ಹಿಡಿದು ಕೇಳಿದೆ: "ಅಕ್ಕೋರ, ನಿಜ ಹೇಳ್ರಿ. ಅವತ್ತ ನಾ ಕೊಟ್ಟಿದ್ದರಿಂದ ಅವನ ಎದಿ ಕೆಟ್ಟಿತೇನು? ನನ್ನಿಂದ ಹೋದನೇನು?"

"ಛೇ ಛೇ, ಇಲ್ರೀ ಅಮ್ಮಾರ. ಅವನ ಎದಿ ಮೊದಲ ಸೋತಿತ್ತು. ಈ ಮನಿಗೆ ಬರೂಕಿಂತ ಮುಂಚೇನ ಡಾಕ್ಟರ್ ಹೇಳಿದ್ರು. ನಿಮ್ಮ ನೀರಿಗೂ ಇದಕ್ಕೂ ಸಂಬಂಧನ ಇಲ್ಲ. ಅಳಬ್ಯಾಡ್ರಿ." ತಮ್ಮನನ್ನು ಕಳೆದುಕೊಂಡವರು ಅವರು, ಸೆರಗಿನಿಂದ ಕಣ್ಣೊರೆಸಿದ್ದು ನನಗೆ. ಆಸ್ಪತ್ರೆಯ ದಪ್ಪ ಫೈಲು ಮಂಚದ ಮೇಲೆ ಬಿದ್ದಿತ್ತು. ನಾನು ಅದರ ಕಡೆ ನೋಡಿದ್ದಕ್ಕೋ ಏನೋ, ಮಾತಾಡುತ್ತಲೇ ಅದನ್ನೆತ್ತಿ ತಮ್ಮ ಚೀಲದ ಅಡಿಗೆ ಇಟ್ಟರು.

ಅಕ್ಕೋರು ಹೋದರು. ಒಂದೆರಡು ವರ್ಷ ಕ್ರಿಸ್‌ಮಸ್ಸಿಗೆ, ಯುಗಾದಿಗೆ ಫೋನಿನಲ್ಲಿ ಮಾತು ನಡೆಯಿತು. ಆಮೇಲೆ ತೆಳುವಾಯಿತು. ಹೋದ ವರ್ಷ ಬೇಗಂ ಬಜಾರಿನಲ್ಲಿ ಅವರ ಚರ್ಚಿನ ಹೆಂಗಸೊಬ್ಬರು ಸಿಕ್ಕು, ಬೀದರಿನಲ್ಲಿ ಅಕ್ಕೋರು ತೀರಿಕೊಂಡು ಆರು ತಿಂಗಳಾಯಿತು ಎಂದರು. ಏನಾಗಿತ್ತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಈಗ ಎದುರುಮನೆಯಲ್ಲಿ ಬೇರೆಯವರಿದ್ದಾರೆ. ನಾನು ಕಿಂಡಿಯಲ್ಲಿ ಇಣುಕುವುದನ್ನು ಬಿಟ್ಟಿದ್ದೇನೆ, ಏನಾದರೂ ಅನ್ನಿಸಿದರೆ ಗಂಟೆ ಒತ್ತಿ ಕೇಳಿಬಿಡುತ್ತೇನೆ. ಅನುಮಾನ ಮಾತ್ರ ನನ್ನನ್ನು ಬಿಟ್ಟಿಲ್ಲ. ಅದು ಈಗ ಒಂದೇ ಮಾತಿನ ಮೇಲೆ ಕೂತಿದೆ. "ನಿಮ್ಮ ನೀರಿಗೂ ಇದಕ್ಕೂ ಸಂಬಂಧನ ಇಲ್ಲ." ಆ ಮಾತು ಹೇಳುವಾಗಲೂ ಅಕ್ಕೋರು ಕಣ್ಣು ಮಿಟುಕಿಸಿರಲಿಲ್ಲ, ದನಿ ನಡುಗಿರಲಿಲ್ಲ. ಡಾಕ್ಟರ ಮುಂದೆ "ನಾನೇ ಕೊಟ್ಟೆ" ಎಂದ ದಿನವೂ ಹಾಗೇ ಇತ್ತು ಆ ದನಿ. ಅವರು ಹೇಳಿದ್ದು ನಿಜವಾಗಿದ್ದರೆ ನಾನು ಬದುಕಿಕೊಂಡೆ. ಸುಳ್ಳಾಗಿದ್ದರೆ, ತಮ್ಮನ ಸಾವನ್ನು ತಾವೊಬ್ಬರೇ ಹೊತ್ತುಕೊಂಡು, ಅದಕ್ಕೆ ಕಾರಣಳಾದವಳ ಕಣ್ಣೊರೆಸಿ ಹೋದರು. ಯಾವುದು ಎಂದು ಕೇಳೋಣವೆಂದರೆ ಅಕ್ಕೋರು ಇಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲ.